ಯಾವ ಸ್ಪ್ಲಿಂಟರ್ ತರುವುದು? ಇಲಿ ಗುರುವಿನ ಗೊಂಬೆ ಹುಡುಕುವವರಿಗೆ

ಈಚೆಗೆ ಒಂದೇ ಪ್ರಶ್ನೆ ಮೂರು ಕಡೆಯಿಂದ ನನ್ನ ಹತ್ತಿರ ಬಂತು. ಮೈಸೂರಿನ ಒಬ್ಬರು ಗಂಡನ ಹುಟ್ಟುಹಬ್ಬಕ್ಕೆ ಸ್ಪ್ಲಿಂಟರ್, ಅಂದರೆ ಕಾರ್ಟೂನಿನ ನಿಂಜಾ ಆಮೆಗಳ ಗುರುವಾದ ಇಲಿಯ ಗೊಂಬೆ ಕೊಡಬೇಕು ಅಂತಿದ್ದಾರೆ. ಕ್ಯಾಲಿಫೋರ್ನಿಯಾದಲ್ಲಿರುವ ಇನ್ನೊಬ್ಬರ ಏಳು ವರ್ಷದ ಮಗನಿಗೆ ನಿಂಜಾ ಆಮೆಗಳ ಹುಚ್ಚು ಹಿಡಿದಿದೆ. ಮೂರನೆಯವರ ಬಳಿ ಚಿಕ್ಕಂದಿನ ನಾಲ್ಕೂ ಆಮೆಗಳಿವೆ, ಅವುಗಳ ಗುರು ಮಾತ್ರ ಇಲ್ಲ. ಮೂವರೂ ಕೇಳಿದ್ದು ಒಂದೇ: "ಇಷ್ಟೊಂದು ಬಗೆ ಇವೆಯಲ್ಲ, ಯಾವುದನ್ನು ತಗೊಳ್ಳೋದು?"

ಮೂವರಿಗೂ ನಾನು ಬೇರೆ ಬೇರೆ ಉತ್ತರ ಕೊಟ್ಟೆ. ಯಾಕೆ ಅಂತ ಇಲ್ಲಿ ಬಿಡಿಸಿ ಹೇಳುತ್ತೇನೆ.

ಮೊದಲು ಈ ಇಲಿ ಯಾರು ಅಂತ ತಿಳಿದಿರಬೇಕು. ಗೊತ್ತಿದ್ದವರೂ ಇದನ್ನು ದಾಟಿ ಹೋಗಬೇಡಿ, ಯಾಕಂದರೆ ಆಯ್ಕೆ ಇಲ್ಲೇ ಅರ್ಧ ಆಗಿಬಿಡುತ್ತದೆ. 1984ರಲ್ಲಿ ಕೆವಿನ್ ಈಸ್ಟ್‌ಮನ್ ಮತ್ತು ಪೀಟರ್ ಲೇರ್ಡ್ ಎಂಬ ಇಬ್ಬರು ಅಮೆರಿಕದಲ್ಲಿ ಸ್ವಂತ ದುಡ್ಡು, ಸಾಲದ ದುಡ್ಡು ಸೇರಿಸಿ ಟೀನೇಜ್ ಮ್ಯೂಟಂಟ್ ನಿಂಜಾ ಟರ್ಟಲ್ಸ್ ಎಂಬ ಒಂದು ಕಪ್ಪು ಬಿಳುಪು ಕಾಮಿಕ್ಸ್ ಅಚ್ಚು ಹಾಕಿಸಿದರು. ಮೊದಲ ಮುದ್ರಣ ಸುಮಾರು 3,000 ಪ್ರತಿ. ಅದರಲ್ಲಿ ಸ್ಪ್ಲಿಂಟರ್ ಒಂದು ಸಾಕಿದ ಇಲಿ. ಅದರ ಒಡೆಯ ಹಮಾಟೊ ಯೋಶಿ ಎಂಬ ಜಪಾನಿ ನಿಂಜಾ. ಒಡೆಯ ದಿನಾ ಅಭ್ಯಾಸ ಮಾಡುವುದನ್ನು ಇಲಿ ಪಂಜರದೊಳಗಿಂದ ನೋಡುತ್ತಿತ್ತು. ನೋಡಿ ನೋಡಿ ಅದೇ ಪಟ್ಟುಗಳನ್ನು ತಾನೂ ಮಾಡುತ್ತಿತ್ತು. ಯಾರೂ ಕಲಿಸಲಿಲ್ಲ, ಆದರೂ ಕಲಿಯಿತು. ನಮ್ಮ ಏಕಲವ್ಯನ ನೆನಪಾಗುತ್ತದೆ ಅಲ್ವಾ? ಮುಂದೆ ಆ ಇಲಿಯೇ ನ್ಯೂಯಾರ್ಕಿನ ಚರಂಡಿಯಲ್ಲಿ ನಾಲ್ಕು ಆಮೆಮರಿಗಳನ್ನು ಸಾಕಿ, ತಾನು ಕಂಡು ಕಲಿತದ್ದನ್ನು ಅವಕ್ಕೆ ಹೇಳಿಕೊಟ್ಟಿತು.

1987ರ ಡಿಸೆಂಬರಿನಲ್ಲಿ ಟಿವಿ ಕಾರ್ಟೂನ್ ಬಂದಾಗ ಕತೆ ಬದಲಾಯಿತು. ಅದರಲ್ಲಿ ಹಮಾಟೊ ಯೋಶಿಯೇ ಸ್ಪ್ಲಿಂಟರ್. ಚರಂಡಿಯಲ್ಲಿ ಇಲಿಗಳ ಜೊತೆ ಬದುಕುತ್ತಿದ್ದ ಮನುಷ್ಯ, ರಾಸಾಯನಿಕ ತಾಗಿ ಇಲಿಯಾಗಿಬಿಟ್ಟ. ಒಂದು ಕತೆಯಲ್ಲಿ ಇಲಿ ಮೇಲೇರಿ ಗುರುವಾಗುತ್ತದೆ. ಇನ್ನೊಂದರಲ್ಲಿ ಗುರು ಇಲಿಯ ಮೈಯೊಳಗೆ ಸಿಕ್ಕಿಬೀಳುತ್ತಾನೆ. ಈ ಎರಡರಲ್ಲಿ ಯಾವುದು ನಿಮ್ಮ ಮನಸ್ಸಿಗೆ ಹತ್ತಿರವೋ ಅದನ್ನು ನೆನಪಿನಲ್ಲಿಟ್ಟುಕೊಳ್ಳಿ.

ಗೊಂಬೆ ಬಂದದ್ದು 1988ರಲ್ಲಿ. ಮಾಡಿದ್ದು ಹಾಂಗ್‌ಕಾಂಗ್ ಮೂಲದ ಪ್ಲೇಮೇಟ್ಸ್ ಕಂಪನಿ. ಈ ಆಮೆಗಳ ಮೇಲೆ ದುಡ್ಡು ಹಾಕಲು ಅವರು ಮೊದಲು ಹಿಂದೆಮುಂದೆ ನೋಡಿದ್ದರು. ಟಿವಿಯಲ್ಲಿ ಕಾರ್ಟೂನ್ ಬರಲಿ, ಆಮೇಲೆ ಗೊಂಬೆ ಅಂದರು. ಮೊದಲ ವರ್ಷ ಬಂದದ್ದು ಹತ್ತೇ ಗೊಂಬೆ: ನಾಲ್ಕು ಆಮೆಗಳು, ಸ್ಪ್ಲಿಂಟರ್, ಅವರ ಗೆಳತಿ ಏಪ್ರಿಲ್, ಖಳನಾಯಕ ಶ್ರೆಡರ್, ಅವನ ಬಂಟರಾದ ಬೀಬಾಪ್, ರಾಕ್‌ಸ್ಟೆಡಿ ಮತ್ತು ಅವನ ಪಡೆಯ ಒಬ್ಬ ಫುಟ್ ಸೈನಿಕ. ಸ್ಪ್ಲಿಂಟರ್‌ಗೆ ಒಂದು ವಿಶೇಷ ಇತ್ತು. ಅವನ ನಿಲುವಂಗಿ ಪ್ಲಾಸ್ಟಿಕ್ ಅಲ್ಲ, ನಿಜವಾದ ಬಟ್ಟೆ.

ಈಗ ಅಳೆಯುವ ಕೋಲು ಯಾವುದು ಅಂತ ಹೇಳುತ್ತೇನೆ. ನಾನು ನೋಡುವುದು ಐದು ವಿಷಯ. ಗೊಂಬೆ ಯಾರ ಕೈಗೆ ಹೋಗುತ್ತದೆ, ಮಗುವಿನ ಕೈಗೋ ಕಪಾಟಿಗೋ? ಅದರ ಪಕ್ಕ ಯಾರು ನಿಲ್ಲುತ್ತಾರೆ, ಅಂದರೆ ಅಳತೆ ಹೊಂದುತ್ತದೆಯೋ? ನಿಮಗೆ ಬೇಕಾದದ್ದು ಹಳೆಯ ವಸ್ತುವೋ, ಹಳೆಯ ರೂಪವೋ? ಅಂಗಿ ಮತ್ತು ಆಯುಧ ಪೂರ್ತಿ ಇರಲೇಬೇಕೋ? ಕೊನೆಯದು, ಮನೆ ಬಾಗಿಲಿಗೆ ಬರುವ ಹೊತ್ತಿಗೆ ಒಟ್ಟು ಎಷ್ಟಾಗುತ್ತದೆ? ಇವುಗಳಲ್ಲಿ ಮೂರನೆಯದೇ ಎಲ್ಲಕ್ಕಿಂತ ದೊಡ್ಡದು. "ಹಳೆಯದೇ ಬೇಕು" ಅನ್ನುವ ಎಷ್ಟೋ ಜನರಿಗೆ ನಿಜಕ್ಕೂ ಬೇಕಿರುವುದು ಹಳೆಯದರ ಹಾಗೆ ಕಾಣುವುದು. ಅದು ತಪ್ಪೇನಲ್ಲ. ಆದರೆ ಎರಡರ ಖರ್ಚೂ ಬೇರೆ, ಜೋಪಾನವೂ ಬೇರೆ.

ಪೆಟ್ಟಿಗೆ ಇಲ್ಲದ, ಯಾರೋ ಆಡಿ ಬಿಟ್ಟ 1988ರ ಗೊಂಬೆಯಿಂದ ಶುರು ಮಾಡೋಣ. ಸಂಗ್ರಹಕಾರರು ಇದನ್ನು ಲೂಸ್ ಅನ್ನುತ್ತಾರೆ. ನನ್ನ ಮನಸ್ಸು ಇರುವುದು ಇದರಲ್ಲೇ, ಮುಚ್ಚಿಡುವುದಿಲ್ಲ. 1991ರ ಬೇಸಿಗೆಯಲ್ಲಿ ಸೋದರಮಾವ ನ್ಯೂಜೆರ್ಸಿಯಿಂದ ಬಂದಾಗ ನನಗೆ ಸಿಕ್ಕಿದ್ದು ಈ ಇಲಿ. ವರ್ಷ ಕಳೆಯುವುದರೊಳಗೆ ಅಂಗಿ ಎಲ್ಲೋ ಕಳೆದುಹೋಯಿತು. ಅಜ್ಜಿ ಹಳೆಯ ರವಿಕೆ ಬಟ್ಟೆಯಲ್ಲಿ ಇನ್ನೊಂದು ಹೊಲಿದುಕೊಟ್ಟಳು, ಅಂಚಿಗೆ ಜರಿ ಇಟ್ಟು. ಆ ಗೊಂಬೆ ಇವತ್ತೂ ನನ್ನ ಮೇಜಿನ ಮೇಲಿದೆ.

ಈ ಗೊಂಬೆಯ ಕೆತ್ತನೆಯಲ್ಲಿ ವಯಸ್ಸು ಕಾಣುತ್ತದೆ. ಕೈಕಾಲಿಗೆ ಸುತ್ತಿದ ಪಟ್ಟಿ, ಬಾಗಿದ ಮೊಣಕಾಲು, ಉದ್ದ ಮೂತಿ. ಆಮೆಗಳೆಲ್ಲ ಹಲ್ಲು ಕಚ್ಚಿ ಎದೆಯುಬ್ಬಿಸಿ ನಿಂತರೆ ಇವನು ಸ್ವಲ್ಪ ಕುಗ್ಗಿ ನಿಲ್ಲುತ್ತಾನೆ. ತೋಳು, ಕಾಲು ತಿರುಗುತ್ತವೆ, ಮೊಣಕಾಲು ಮಡಚುವುದಿಲ್ಲ. ಹಾಗಾಗಿ ಧ್ಯಾನಕ್ಕೆ ಕೂರಿಸಲು ಆಗುವುದಿಲ್ಲ. ಕಾಲು ಮಡಚಿ ಕೂತ ಗುರುವೇ ಬೇಕು ಅನ್ನುವವರಿಗೆ ಇದು ಬೇಸರ ತರುತ್ತದೆ.

ಲೂಸ್ ಕೊಳ್ಳುವಾಗ ಮೊದಲು ನೋಡಬೇಕಾದದ್ದು ಅಂಗಿ. ಬಿಸಿಲಿಗೆ ಬಣ್ಣ ಹೋಗಿರುತ್ತದೆ, ಅಂಚಿನ ದಾರ ಬಿಟ್ಟಿರುತ್ತದೆ. ಅದು ಸಹಜ. ಬಣ್ಣ ಎಲ್ಲ ಕಡೆ ಒಂದೇ ಸಮ, ಬಟ್ಟೆ ಗರಿಗರಿ, ಹೊಲಿಗೆ ಹೊಸದಾಗಿ ಹೊಳೆಯುತ್ತಿದೆ ಅಂದರೆ ಅನುಮಾನ ಪಡಿ. ಈಗ ನಕಲಿ ಅಂಗಿ, ನಕಲಿ ಆಯುಧ ಮಾಡಿ ಮಾರುವವರು ಸಾಕಷ್ಟು ಇದ್ದಾರೆ. ನಕಲಿ ಅಂತ ಹೇಳಿಯೇ ಮಾರಿದರೆ ತಕರಾರಿಲ್ಲ. ಗೊಂಬೆ ಬೆತ್ತಲೆ ಇರುವುದಕ್ಕಿಂತ ಅದೇ ಮೇಲು. ಕೆಲವರು ಹೇಳುವುದಿಲ್ಲ. ಕೆಲವು ವರ್ಷದ ಹಿಂದೆ "ಪೂರ್ತಿ ಸೆಟ್" ಅಂತ ನಂಬಿ ಆನ್‌ಲೈನಿನಲ್ಲಿ ಒಬ್ಬರಿಂದ ತರಿಸಿದೆ. ಬಂದದ್ದು ಹೊಸ ಅಂಗಿ, ಜೊತೆಗೆ ಬೇರೆ ಯಾವುದೋ ಗೊಂಬೆಯ ಕತ್ತಿ. ದುಡ್ಡು ವಾಪಸ್ ಬರಲಿಲ್ಲ. ತುಂಬಾ ನೊಂದುಕೊಂಡೆ. ಫೋಟೋದಲ್ಲಿ ಅಂಗಿಯ ಒಳಬದಿ ತೋರಿಸಿ ಅಂತ ಕೇಳಿದ್ದರೆ ಅವತ್ತೇ ತಿಳಿಯುತ್ತಿತ್ತು.

ಎರಡನೆಯದು ಬಿಲ್ಲು, ಬಾಣದಂಥ ಸಣ್ಣ ಸಾಮಾನು. ಕಳೆದುಹೋಗುವುದರಲ್ಲಿ ಇವೇ ಮೊದಲು. ಗೊಂಬೆಯ ಬೆಲೆಗಿಂತ ಅವುಗಳನ್ನು ಒಂದೊಂದಾಗಿ ಹುಡುಕಿ ಕೂಡಿಸುವ ಖರ್ಚೇ ಜಾಸ್ತಿ ಆಗಬಹುದು. ಅಂಚೆ ಖರ್ಚು ಪ್ರತಿ ಸಲ ಬೀಳುತ್ತದೆ ನೋಡಿ. ಹಾಗಾಗಿ ಪೂರ್ತಿ ಸೆಟ್ಟೇ ಬೇಕು ಅಂತಿದ್ದರೆ ಮೊದಲೇ ಸ್ವಲ್ಪ ಹೆಚ್ಚು ಕೊಟ್ಟು ಪೂರ್ತಿ ಇರುವುದನ್ನೇ ತಗೊಳ್ಳಿ. ಕಪಾಟಿನಲ್ಲಿ ನಿಂತರೆ ಸಾಕು ಅಂತಿದ್ದರೆ ಆಯುಧ ಇಲ್ಲದ್ದನ್ನು ಕಡಿಮೆಗೆ ತಂದು ಸುಮ್ಮನಿರಿ. ಮಧ್ಯದ ದಾರಿ ಇಲ್ಲಿ ದುಬಾರಿ.

ಮೂರನೆಯದು ಬಾಲ, ಕಿವಿ, ಮೂತಿಯ ತುದಿ. ಮಕ್ಕಳ ಹಲ್ಲಿಗೆ ಸಿಗುವ ಜಾಗಗಳು ಇವು. ಸಣ್ಣ ಹಲ್ಲಿನ ಗುರುತು ನನಗೆ ಅಡ್ಡಿಯಿಲ್ಲ. ಮುರಿದಿದ್ದರೆ ಬಿಟ್ಟುಬಿಡಿ. ಪ್ಲಾಸ್ಟಿಕ್ ಅಂಟಂಟಾಗಿದೆಯೇ ಅಂತಲೂ ಕೇಳಿ. ಹಳೆಯ ಪ್ಲಾಸ್ಟಿಕ್ ಸೆಕೆಯ ಜಾಗದಲ್ಲಿ ವರ್ಷಗಟ್ಟಲೆ ಮುಚ್ಚಿಟ್ಟಿದ್ದರೆ ಹಾಗಾಗುತ್ತದೆ.

ಮೈಮೇಲಿನ 1988 ಎಂಬ ಅಂಕಿ ನೋಡಿ ಮರುಳಾಗಬೇಡಿ. ಅದು ಕೃತಿಸ್ವಾಮ್ಯದ ವರ್ಷ, ಆ ಗೊಂಬೆ ಕಾರ್ಖಾನೆಯಿಂದ ಹೊರಬಂದ ವರ್ಷ ಅಲ್ಲ. ಅದೇ ಅಚ್ಚಿನಲ್ಲಿ ಮುಂದಿನ ವರ್ಷಗಳಲ್ಲೂ ಗೊಂಬೆ ತಯಾರಾಗಿವೆ. ಆಡಿ ಬಿಟ್ಟ ಗೊಂಬೆಗೆ ಇದರಿಂದ ದೊಡ್ಡ ವ್ಯತ್ಯಾಸವೇನೂ ಇಲ್ಲ. "1988ರದ್ದೇ" ಅಂತ ಹೇಳಿ ದುಪ್ಪಟ್ಟು ಕೇಳಿದರೆ ಮಾತ್ರ ಆಧಾರ ಏನು ಅಂತ ಕೇಳಿ.

ಬೆಲೆಯ ವಿಷಯ. ಮಾರುವವರು ಕೇಳುವ ಬೆಲೆ ನೋಡಬೇಡಿ. ಹರಾಜಿನ ತಾಣಗಳಲ್ಲಿ ಈಗಾಗಲೇ ಮಾರಾಟವಾದದ್ದನ್ನು ಮಾತ್ರ ತೋರಿಸುವ ಆಯ್ಕೆ ಇರುತ್ತದೆ. ಅದನ್ನು ಒತ್ತಿ, ಈಚಿನ ಹತ್ತು ಮಾರಾಟ ನೋಡಿ. ನಿಜವಾದ ಬೆಲೆ ಅಲ್ಲಿದೆ. ಮೂರು ವಾರ ಸುಮ್ನೆ ನೋಡುತ್ತಾ ಇರಿ, ಕಣ್ಣು ಪಳಗುತ್ತದೆ. ಈ ಗೊಂಬೆಯನ್ನು ಭಾರಿ ಸಂಖ್ಯೆಯಲ್ಲಿ ಮಾಡಿ ಮಾರಿದ್ದರು. ಅಂಗಿಯಿಲ್ಲದ ಸ್ಪ್ಲಿಂಟರ್ ಅಪರೂಪದ ವಸ್ತುವೇನಲ್ಲ, ಆತುರ ಪಡುವ ಕಾರಣ ಇಲ್ಲ.

ಇನ್ನು ಪ್ಯಾಕ್ ಒಡೆಯದ ಹಳೆಯ ಗೊಂಬೆ. ಇದು ಬೇರೆಯದೇ ಲೋಕ. ಇಲ್ಲಿ ನೀವು ಕೊಳ್ಳುವುದು ಗೊಂಬೆಗಿಂತ ಜಾಸ್ತಿ ಆ ರಟ್ಟಿನ ಕಾರ್ಡನ್ನು. ಕಾರ್ಡಿನ ಹಿಂದೆ ಮೊದಲ ಹತ್ತು ಗೊಂಬೆಗಳ ಚಿತ್ರ ಮಾತ್ರ ಇದ್ದರೆ ಅದು ತೀರಾ ಮೊದಮೊದಲಿನ ಮಾಲು. ಸಂಗ್ರಹಕಾರರು ಟೆನ್ ಬ್ಯಾಕ್ ಅನ್ನುತ್ತಾರೆ, ಬೆಲೆ ಎಲ್ಲಕ್ಕಿಂತ ಮೇಲೆ. ಮುಂದಿನ ವರ್ಷಗಳಲ್ಲಿ ಹೊಸ ಗೊಂಬೆಗಳು ಸೇರಿದ ಹಾಗೆ ಹಿಂಬದಿಯ ಚಿತ್ರಗಳೂ ಹೆಚ್ಚಾದವು, ಅಂಥ ಕಾರ್ಡುಗಳ ಬೆಲೆ ಇಳಿಯುತ್ತಾ ಹೋಗುತ್ತದೆ. ಇನ್ನೊಂದು ಗಮನಿಸಿ. ಬ್ರಿಟನ್ ಮತ್ತು ಯುರೋಪಿನ ಕೆಲವು ದೇಶಗಳಲ್ಲಿ ನಿಂಜಾ ಎಂಬ ಮಾತು ಹಿಂಸೆಯದ್ದು ಅಂತ ತೆಗೆದು ಹೀರೋ ಟರ್ಟಲ್ಸ್ ಅಂತ ಹೆಸರಿಟ್ಟಿದ್ದರು. ಕಾರ್ಡಿನ ಮೇಲೆ ಹೀರೋ ಅಂತ ಇದ್ದರೆ ನಕಲಿ ಅಂದುಕೊಳ್ಳಬೇಡಿ. ಲಂಡನ್ನಿನಲ್ಲಿ ಬೆಳೆದವರಿಗೆ ಅದೇ ನಿಜವಾದ ನೆನಪು.

ಕಾರ್ಡಿನ ಗೊಂಬೆಗೆ ಕೆಲವರು ಗೊಂಬೆಗಳ ಸ್ಥಿತಿ ಅಳೆಯುವ ಎಎಫ್‌ಎ ಎಂಬ ಸಂಸ್ಥೆಯಿಂದ ಅಂಕ ಹಾಕಿಸಿ ಗಾಜಿನಂಥ ಅಕ್ರಿಲಿಕ್ ಪೆಟ್ಟಿಗೆಯಲ್ಲಿ ಇಡುತ್ತಾರೆ. ಹೂಡಿಕೆ ಅಂತ ನೋಡುವವರಿಗೆ ಅದು ಉಪಯೋಗ. ನನ್ನ ಮಾತು ಕೇಳಿದರೆ, ಮೊದಲ ಸ್ಪ್ಲಿಂಟರ್ ಇದಾಗುವುದು ಬೇಡ. ಮುಟ್ಟಲಾಗದ ಗೊಂಬೆಗೆ ಅಷ್ಟು ದುಡ್ಡು ಹಾಕಿದ ಮೇಲೆ ದಿನಾ ಕಾರ್ಡ್ ಬಾಗಿತೇ, ಪ್ಲಾಸ್ಟಿಕ್ ಹಳದಿಯಾಯಿತೇ ಅಂತ ನೋಡುವುದೇ ಕೆಲಸವಾಗುತ್ತದೆ. ಮಂಗಳೂರು, ಉಡುಪಿ ಕಡೆಯವರಿಗೆ ಇದನ್ನು ಒತ್ತಿ ಹೇಳುತ್ತೇನೆ. ಮಳೆಗಾಲದ ತೇವಕ್ಕೆ ರಟ್ಟು ತಡೆಯುವುದಿಲ್ಲ.

ಮೂರನೇ ದಾರಿ ಪ್ಲೇಮೇಟ್ಸ್ ಮತ್ತೆ ಹೊರತಂದ ಹಳೆಯ ಮಾದರಿಗಳು. ಕಂಪನಿ ತನ್ನ ಮೊದಲ ಗೊಂಬೆಗಳನ್ನು ಈಚಿನ ವರ್ಷಗಳಲ್ಲಿ ಹಳೆಯ ರೂಪದಲ್ಲೇ ಮಾಡಿ ಮಾರುತ್ತಿದೆ. ರೂಪ ಅದೇ, ಅಳತೆಯೂ ಹೆಚ್ಚುಕಡಿಮೆ ಅದೇ. ಪ್ಲಾಸ್ಟಿಕ್ಕಿನ ಹೊಳಪು, ಬಣ್ಣದ ಛಾಯೆ ಮಾತ್ರ ಬೇರೆ ಅನ್ನಿಸುತ್ತದೆ. ಹಳೆಯ ಆಮೆಗಳ ಪಕ್ಕ ನಿಲ್ಲಿಸಿದರೆ ಅಳತೆ ಸರಿಹೋಗುತ್ತದೆ, ಬಣ್ಣ ಸ್ವಲ್ಪ ಎದ್ದು ಕಾಣುತ್ತದೆ. ಉಡುಗೊರೆಗೆ ಒಳ್ಳೆಯದು. ಜೇಬಿಗೂ ಭಾರವಲ್ಲ. ಸ್ಪ್ಲಿಂಟರ್ ಸಿಗುವುದು ಆಯಾ ಹೊತ್ತಿನ ಮಾರಾಟದ ಮೇಲೆ ನಿಂತಿದೆ, ಕಂಡಾಗ ತಗೊಳ್ಳಬೇಕು ಅಷ್ಟೆ. ಕೊಳ್ಳುವ ಮುಂಚೆ ಅಂಗಿ ಬಟ್ಟೆಯದೋ ಅಲ್ಲವೋ ಅಂತ ಫೋಟೋದಲ್ಲಿ ನೋಡಿಕೊಳ್ಳಿ.

ನಾಲ್ಕನೆಯದು ಸೂಪರ್7 ಕಂಪನಿಯ ಅಲ್ಟಿಮೇಟ್ಸ್ ಸಾಲಿನ ಸ್ಪ್ಲಿಂಟರ್. ಇದು ಪೂರ್ತಿ ದೊಡ್ಡವರಿಗಾಗಿಯೇ ಮಾಡಿದ್ದು. ಆಮೆಗಳ ಸಾಲಿನ ಮೊದಲ ಕಂತಿನಲ್ಲೇ ನಾಲ್ಕು ಆಮೆಗಳಲ್ಲೊಬ್ಬನಾದ ರಾಫೆಲ್, ಕತೆಯ ವಿಜ್ಞಾನಿ ಬ್ಯಾಕ್ಸ್‌ಟರ್ ಸ್ಟಾಕ್‌ಮನ್, ಫುಟ್ ಸೈನಿಕನ ಜೊತೆ ಇವನೂ ಬಂದ. ಇದರ ಉದ್ದೇಶ ತುಂಬಾ ಸ್ಪಷ್ಟ. ಕಾರ್ಟೂನಿನ ಸ್ಪ್ಲಿಂಟರ್ ಅಲ್ಲ, ಕಾಮಿಕ್ಸಿನವನೂ ಅಲ್ಲ, 1988ರ ಆ ಗೊಂಬೆಯನ್ನೇ ದೊಡ್ಡದು ಮಾಡಿ, ಕೀಲುಗಳನ್ನು ಕೂಡಿಸಿ, ಕೆತ್ತನೆಯನ್ನು ಇನ್ನೂ ಚೂಪಾಗಿ ಮಾಡಿದ್ದಾರೆ. ನಮ್ಮ ಬಾಲ್ಯದ ಕಣ್ಣಿಗೆ ಆ ಗೊಂಬೆ ಹೇಗೆ ಕಂಡಿತ್ತೋ ಹಾಗೆ. ನಿಜವಾದ ಹಳೆಯ ಗೊಂಬೆ ಕೈಗೆ ಬಂದಾಗ "ಇಷ್ಟು ಚಿಕ್ಕದಾ!" ಅನ್ನಿಸುತ್ತದೆ. ಇದು ಬಂದಾಗ ಹಾಗನ್ನಿಸುವುದಿಲ್ಲ.

ಶುರುವಿನಲ್ಲಿ 45 ಡಾಲರ್ ಇತ್ತು, ಆಮೇಲೆ ಈ ಸಾಲಿನ ಗೊಂಬೆಗಳು 55ಕ್ಕೆ ಏರಿದವು. ಮೊದಲೇ ಆರ್ಡರ್ ತೆಗೆದುಕೊಂಡು ಮಾಡುವ ಪದ್ಧತಿ, ಹಾಗಾಗಿ ಮುಗಿದ ಮೇಲೆ ಬೇರೆಯವರಿಂದಲೇ ಕೊಳ್ಳಬೇಕು. ಅಳತೆ 7 ಇಂಚಿನ ಸಾಲು. ಹಳೆಯ ಆಮೆಗಳು ನಾಲ್ಕೂವರೆ ಇಂಚಿನ ಆಸುಪಾಸು. ಎರಡನ್ನೂ ಒಟ್ಟಿಗೆ ನಿಲ್ಲಿಸಿದರೆ ಗುರು ರಾಕ್ಷಸನ ಹಾಗೆ ಕಾಣುತ್ತಾನೆ. ಮೂರನೆಯವರಿಗೆ ನಾನು ಇದನ್ನು ಬೇಡ ಅಂದದ್ದು ಈ ಒಂದೇ ಕಾರಣಕ್ಕೆ.

ಐದನೆಯದು ನೆಕಾ ಕಂಪನಿಯದು. ಇವರಲ್ಲಿ ಮುಖ್ಯವಾಗಿ ಎರಡು ದಾರಿ. ಒಂದು ಕಾರ್ಟೂನಿನ ಸ್ಪ್ಲಿಂಟರ್, ಟಿವಿಯಲ್ಲಿ ಕಂಡ ಹಾಗೆ ಸರಳ ಗೆರೆ, ಸಪಾಟು ಬಣ್ಣ. ಇನ್ನೊಂದು 1990ರ ಸಿನಿಮಾದವನು. ಆ ಸಿನಿಮಾದ ಸ್ಪ್ಲಿಂಟರ್ ಬೊಂಬೆ ಕಲಾವಿದ ಜಿಮ್ ಹೆನ್ಸನ್‌ರ ಕಾರ್ಯಾಗಾರದಲ್ಲಿ ಮಾಡಿದ, ಕೈಯಿಂದಲೂ ಯಂತ್ರದಿಂದಲೂ ಆಡಿಸುವ ಬೊಂಬೆ. ರೋಮ, ಒದ್ದೆ ಕಣ್ಣು, ಮಾತಾಡುವಾಗ ನಡುಗುವ ಮೀಸೆ. ಅವನ ಒಂದು ಕಿವಿ ಹರಿದಿರುತ್ತದೆ. ಯೋಶಿಯನ್ನು ಕೊಂದವನ ಮುಖದ ಮೇಲೆ ಇಲಿ ಎರಗಿದಾಗ ಅವನು ಕತ್ತಿ ಬೀಸಿ ಕಿವಿ ಕತ್ತರಿಸಿದ್ದ. ಕಾಮಿಕ್ಸಿನ ಕತೆಗೆ, ಅಂದರೆ ಪಂಜರದೊಳಗಿಂದ ಕಲಿತ ಇಲಿಯ ಕತೆಗೆ, ಈ ರೂಪವೇ ಹತ್ತಿರ. ಆ ಕತೆ ನಿಮ್ಮದಾಗಿದ್ದರೆ ಹಳೆಯ ಗೊಂಬೆಗಿಂತ ಇದೇ ನಿಮಗೆ ಹೆಚ್ಚು ಹಿಡಿಸಬಹುದು. ಮುಖದಲ್ಲಿ ಅಷ್ಟು ದಯೆ ಇದೆ. ಇದೂ 7 ಇಂಚಿನ ಸಾಲೇ. ಮೊಣಕೈ, ಮೊಣಕಾಲು ಮಡಚುತ್ತವೆ. ಕೀಲುಗಳು ಸಣ್ಣವು. ಪೆಟ್ಟಿಗೆಯಿಂದ ತೆಗೆದ ತಕ್ಷಣ ಬಲ ಹಾಕಿ ತಿರುಗಿಸಬೇಡಿ. ಬಿಗಿಯಾಗಿದ್ದರೆ ಬಿಸಿನೀರಿನಲ್ಲಿ ಒಂದು ನಿಮಿಷ ಹಿಡಿದು, ಆಮೇಲೆ ಮೆಲ್ಲಗೆ ತಿರುಗಿಸಿ. ಬಟ್ಟೆಯ ಅಂಗಿ ಇದ್ದರೆ ಅದನ್ನು ಮೊದಲು ಬಿಚ್ಚಿಡಿ.

ಮಗುವಿಗಾದರೆ ಯೋಚನೆಯೇ ಬೇಡ, ಹೊಸದನ್ನೇ ಕೊಡಿ. ಆಟಿಕೆಗಳಲ್ಲಿ ಸೀಸ ಮತ್ತು ಥಾಲೇಟ್ ಎಂಬ ರಾಸಾಯನಿಕಗಳಿಗೆ ಅಮೆರಿಕದಲ್ಲಿ ಬಿಗಿ ಮಿತಿ ಬಂದದ್ದು 2008ರ ಕಾನೂನಿನಿಂದ. 1988ರ ಗೊಂಬೆ ಆ ಮಿತಿಗಳಿಗೆ ಒಳಪಟ್ಟು ತಯಾರಾದದ್ದಲ್ಲ. ಏಳು ವರ್ಷದ ಹುಡುಗನಿಗೆ ಪ್ಲೇಮೇಟ್ಸ್‌ನವರೇ ಮಾಡಿದ 2023ರ ಸಿನಿಮಾದ ಸ್ಪ್ಲಿಂಟರ್ ಸರಿ. ಆ ಸಿನಿಮಾದಲ್ಲಿ ಇವನಿಗೆ ದನಿ ಕೊಟ್ಟದ್ದು ಜಾಕಿ ಚಾನ್. ಹುಡುಗ ನೋಡಿರುವುದು ಅದೇ ಸ್ಪ್ಲಿಂಟರನ್ನು. ನಮ್ಮ ನೆನಪಿನ ಗುರುವನ್ನು ಅವನ ಮೇಲೆ ಹೇರುವುದು ಬೇಡ ಅಲ್ವಾ? ಅವನಿಗೆ ಅವನ ಗುರು ಸಿಗಲಿ. 2012ರ ಟಿವಿ ಸರಣಿಯ ಸ್ಪ್ಲಿಂಟರ್ ಕೂಡ ಚೆನ್ನಾಗಿದ್ದಾನೆ, ಎತ್ತರಕ್ಕೆ ತೆಳ್ಳಗೆ ಇದ್ದಾನೆ. ಈಗ ಅದು ಹೆಚ್ಚಾಗಿ ಹಳೆಯ ಮಾಲಿನಲ್ಲಿ ಸಿಗುತ್ತದೆ.

ಭಾರತಕ್ಕೆ ತರಿಸುವವರು ಲೆಕ್ಕವನ್ನು ಕೊನೆಯಿಂದ ಶುರು ಮಾಡಬೇಕು. ಆಟಿಕೆಗಳ ಮೂಲ ಆಮದು ಸುಂಕ 2020ರಲ್ಲಿ ಶೇಕಡಾ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತು. ಸ್ವಂತಕ್ಕೆ ತರಿಸುವ ಒಂದು ಪಾರ್ಸೆಲ್ಲಿನ ಲೆಕ್ಕ ಬೇರೆ ಇರಬಹುದು, ಕೊರಿಯರ್‌ನವರ ಬಳಿ ಆ ದಿನದ ದರ ಕೇಳಿಯೇ ಮುಂದುವರಿಯಿರಿ. 2021ರ ಜನವರಿಯಿಂದ ಇಲ್ಲಿ ಮಾರುವ ಆಟಿಕೆಗಳಿಗೆ ಬಿಐಎಸ್ ಎಂಬ ಸರ್ಕಾರಿ ಗುಣಮಟ್ಟದ ಗುರುತು ಕಡ್ಡಾಯ. ಹಾಗಾಗಿ ಇಂಥ ಗೊಂಬೆಗಳು ನಮ್ಮ ಅಂಗಡಿಗಳಲ್ಲಿ ಸುಲಭಕ್ಕೆ ಕಾಣುವುದಿಲ್ಲ. ಎಲ್ಲಕ್ಕಿಂತ ಒಳ್ಳೆಯ ದಾರಿ ಹಳೆಯದೇ: ಅಮೆರಿಕದಿಂದ ಬರುವ ನೆಂಟರ ಸೂಟ್‌ಕೇಸ್. ಲೂಸ್ ಗೊಂಬೆ ಒಂದು ಸಾಕ್ಸ್ ಒಳಗೆ ಹಿಡಿಸುತ್ತದೆ. ಸೂಪರ್7ರ ಪೆಟ್ಟಿಗೆ ದೊಡ್ಡದು, ನೆಂಟರಿಗೆ ಮೊದಲೇ ಹೇಳಿ. ಪೆಟ್ಟಿಗೆ ಬೇಡ ಅನ್ನುವುದಾದರೆ ಅದನ್ನೂ ಹೇಳಿ.

ಮೈಸೂರಿನವರಿಗೆ ನಾನು ಎರಡು ಪ್ರಶ್ನೆ ಕೇಳಿದೆ. ಗಂಡನ ಬಳಿ ಆಗ ಈ ಗೊಂಬೆ ಇತ್ತೋ, ಅಥವಾ ಟಿವಿಯಲ್ಲಿ ಮಾತ್ರ ನೋಡಿದ್ದರೋ? ಗೊಂಬೆ ಇರಲಿಲ್ಲ, ಬೇರೆ ಹುಡುಗನ ಮನೆಯಲ್ಲಿ ನೋಡಿ ಆಸೆ ಪಟ್ಟಿದ್ದರು ಅಂದರು. ಹಾಗಾದರೆ ಸೂಪರ್7 ತಗೊಳ್ಳಿ ಅಂದೆ. ಅಂದು ಕೈಗೆ ಸಿಗದೆ ಕಣ್ಣಲ್ಲೇ ದೊಡ್ಡದಾಗಿ ಉಳಿದದ್ದು ಅಷ್ಟೇ ದೊಡ್ಡದಾಗಿ ಬರಲಿ. ಇದ್ದು ಕಳೆದುಹೋಗಿದ್ದರೆ ಹಳೆಯದನ್ನೇ ಹುಡುಕಿ ಅನ್ನುತ್ತಿದ್ದೆ, ಸವೆದದ್ದಾದರೂ ಸರಿ. ಕಳೆದುಕೊಂಡವರ ಬೆರಳಿಗೆ ಆ ಅಳತೆ, ಆ ತೂಕ ನೆನಪಿರುತ್ತದೆ. ಇನ್ನೊಂದು ಅಳತೆಯದು ಆ ಜಾಗಕ್ಕೆ ಕೂರುವುದಿಲ್ಲ.

ನಾಲ್ಕು ಆಮೆಗಳಿರುವವರು ಈಗ ಲೂಸ್ ಗೊಂಬೆ ಹುಡುಕುತ್ತಿದ್ದಾರೆ. ಒಂದು ಸಿಕ್ಕಿದೆ, ಬಾಲ ಸರಿಯಿದೆ, ಆಯುಧ ಒಂದೂ ಇಲ್ಲ, ಅಂಗಿಯೂ ಇಲ್ಲ. ತಗೊಳ್ಳಲೋ ಬೇಡವೋ ಅಂತ ನಿನ್ನೆ ಕೇಳಿದರು. ಬೆನ್ನಿನ ಫೋಟೋ ಒಂದು ತರಿಸಿಕೊಂಡು, ಬಿರುಕು ಇಲ್ಲ ಅಂತ ಖಾತ್ರಿ ಆದರೆ ತಗೊಳ್ಳಿ ಅಂದೆ. ನನ್ನ ಅಜ್ಜಿ ಹೊಲಿದ ಅಂಗಿಯ ಅಳತೆ ತೆಗೆದು ಕಾಗದದ ಮೇಲೆ ಕತ್ತರಿಸಿ ಇಟ್ಟಿದ್ದೇನೆ, ನಾಳೆ ಅಂಚೆಗೆ ಹಾಕುತ್ತೇನೆ.